ಕಡೆಯ ಹೂಂ

ಹೂಂಗುಟ್ಟುವವರಿಲ್ಲದೆ ಕಥೆ ಹೇಳಬಾರದು, ಹೇಳಿದರೆ ಕಾಣದವರು ಯಾರಾದರೂ ಬಂದು ಹೂಂ ಅಂದಾರು ಎಂದು ನಮ್ಮ ಕಡೆಯ ಮುದುಕಿಯರು ಮಕ್ಕಳನ್ನು ಹೆದರಿಸುತ್ತಾರೆ. ಮಕ್ಕಳು ಹೊದಿಕೆ ಎಳೆದುಕೊಳ್ಳುತ್ತವೆ, ದೊಡ್ಡವರು ನಗುತ್ತಾರೆ. ತಿರ್ಲಾಪುರದ ಮಡಿವಾಳೆಪ್ಪನೂ ಎಪ್ಪತ್ತೊಂದು ವರ್ಷ ನಕ್ಕವನೇ. ಈ ಶ್ರಾವಣದ ಮೊದಲ ದಿನ ಮಧ್ಯಾಹ್ನ ಮೂರು ಗಂಟೆಗೆ, ಊರ ಮಠದಲ್ಲಿ ನೂರು ಜನರ ನಡುವೆ ಕೂತಿದ್ದಾಗ ಅವನ ನಗು ನಿಂತಿತು.

ಅಂದು ಪುರಾಣ ಹಚ್ಚಿದ್ದರು. ಪ್ರತಿ ಶ್ರಾವಣಕ್ಕೆ ತಿಂಗಳುದ್ದ ಪುರಾಣ ಓದುವುದು ಆ ಮಠದ ಪದ್ಧತಿ. ಓದುವುದು ಮಡಿವಾಳೆಪ್ಪನ ಮನೆತನದ ಹಕ್ಕು. ಅವನ ಮುತ್ತಜ್ಜ ಕಾಶಿಗೆ ಹೋಗಿ ನಾಲ್ಕು ವರ್ಷ ಇದ್ದು, ಶಾಸ್ತ್ರಿಗಳ ಕಾಲು ಹಿಡಿದು ಸಂಸ್ಕೃತದ ಹಳೆಯ ಪುರಾಣಗಳನ್ನು ಕೇಳಿ, ಕನ್ನಡಕ್ಕಿಳಿಸಿ ಕೈಯಾರೆ ಬರೆದುಕೊಂಡು ಬಂದಿದ್ದ. ಕೆಂಪು ಅರಿವೆಯಲ್ಲಿ ಸುತ್ತಿದ ಆ ಕಟ್ಟಿಗೆ ವರ್ಷವೆಲ್ಲ ಪೂಜೆ, ಶ್ರಾವಣದಲ್ಲಿ ಮಾತ್ರ ಬಿಚ್ಚುವುದು. ದಿನಕ್ಕೆ ಮೂವತ್ತು ಹಾಳೆಯಂತೆ ಮೂವತ್ತು ದಿನದ ಓದು.

ಕಟ್ಟಿನ ಮೊದಲ ಹಾಳೆಯಲ್ಲಿ ದೇವರ ಸ್ತುತಿಗಿಂತ ಮೊದಲು ಮುತ್ತಜ್ಜ ಎರಡು ಸಾಲು ಬರೆದಿಟ್ಟಿದ್ದ. ‘ಬರೆದದ್ದು ಪುರಾಣವಲ್ಲ, ಓದಿದ್ದು ಪುರಾಣವಲ್ಲ, ಕೇಳಿದ್ದು ಪುರಾಣ. ಎಲ್ಲರಿಗಿಂತ ಕಡೆಗೆ ಕೂತವನು ಹೂಂ ಎಂದ ಮೇಲೆಯೇ ಹಾಳೆ ಮಗುಚತಕ್ಕದ್ದು.’ ಮಡಿವಾಳೆಪ್ಪ ಇದನ್ನು ಪ್ರತಿ ವರ್ಷ ಜನರಿಗೆ ಬಿಡಿಸಿ ಹೇಳುತ್ತಿದ್ದ. “ವೇದಕ್ಕ ಶ್ರುತಿ ಅಂತ ಯಾಕ ಅಂತಾರ್ರೀ? ಕಿವೀಲೆ ಕೇಳಿದ್ದು ಅಂತ. ಋಷಿಗಳು ಬರೀಲಿಲ್ಲ, ಕೇಳಿದ್ರು. ದೇವರು ಹೇಳವ ಆದ್ರ ಕೇಳವನೂ ಅವನ ಅಂಶನ. ಕೇಳವ ಇಲ್ಲಂದ್ರ ಇದು ಬರೇ ಹಾಳಿ, ಇರಿವಿ ಮುತ್ತೂ ಹಾಳಿ.” ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ?

ಎಲ್ಲರಿಗಿಂತ ಕಡೆಗೆ ಕೂತವನು ಎಂದರೆ ಕೆಳಗೇರಿಯ ಹನಮಪ್ಪ. ನಲವತ್ತು ಶ್ರಾವಣ ಅವನು ಮಠದ ಬಾಗಿಲಾಚೆ ಮೆಟ್ಟಿಲ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತ. ಹೊರಗೆ ಕೂಡ್ರು ಎಂದು ಮಡಿವಾಳೆಪ್ಪ ಒಂದು ದಿನವೂ ಅಂದವನಲ್ಲ. ಒಳಗೆ ಬಾ ಎಂದೂ ಅಂದವನಲ್ಲ. ಓದುವ ಕಟ್ಟೆಯಿಂದ ನೋಡಿದರೆ ನಡುವಿನ ಕಂಬ ಅಡ್ಡ, ಹನಮಪ್ಪ ಕಾಣುತ್ತಿರಲಿಲ್ಲ. ಹಾಳೆ ಮುಗಿದು ಕೈ ನಿಂತಾಗ ಬಾಗಿಲಾಚೆಯಿಂದ ಒಂದು ಹೂಂ ಬರುತ್ತಿತ್ತು, ಆಳದ ಬಾವಿಯಿಂದ ಕೊಡ ಎತ್ತಿದ ಹಾಗೆ, ನಿಧಾನಕ್ಕೆ. ಆಮೇಲೆ ಹಾಳೆ ಮಗುಚುವುದು. ಹಾಗೆ ನೋಡಿದರೆ ನಲವತ್ತು ವರ್ಷ ಪುರಾಣ ಮುಂದೆ ಸಾಗಿದ್ದು ಆ ಹೂಂನ ಬಲದ ಮೇಲೆ.

ಹೋದ ವರ್ಷ ಮೈಕು ಬಂತು. ಮಡಿವಾಳೆಪ್ಪನ ಮಗ ಸುಭಾಸ ಪಂಚಾಯ್ತಿ ಮೆಂಬರಾಗಿದ್ದ. ಅಣ್ಣಿಗೇರಿಯ ನದೀಮನಿಗೆ ಹೇಳಿ ಎರಡು ಸ್ಪೀಕರು, ದನಿ ದೊಡ್ಡದು ಮಾಡುವ ಒಂದು ಪೆಟ್ಟಿಗೆ, ಕೊರಳಿಗೆ ಸಿಕ್ಕಿಸುವ ಸಣ್ಣ ಮೈಕು ತರಿಸಿದ. “ಅಪ್ಪಾ, ಈಗ ಹೊಲದಾಗ ಹೆಸರಕಾಯಿ ಬಿಡಸವರಿಗೂ ನಿನ್ನ ದನಿ ಮುಟ್ಟತೈತಿ. ಇನ್ನ ಯಾರ್ದರ ಹೂಂ ಕಾಯೂದೇನೈತಿ?” ಮಡಿವಾಳೆಪ್ಪ ಮೊದಲು ಬೇಡವೆಂದ. ಎರಡನೇ ದಿನ ತನ್ನ ದನಿ ತನಗೇ ರುಚಿಸಿತು. ಗುಡಿಯ ಗಂಟೆಗಿಂತ ದೊಡ್ಡದಾಗಿ ಊರ ಮೇಲೆ ಹಾಯುವ ಆ ದನಿ ತನ್ನದೇ ಎಂದು ಮುದುಕ ಹಿಗ್ಗಿಹೋದ. ಆ ಗದ್ದಲದಲ್ಲಿ ಬಾಗಿಲಾಚೆಯ ಹೂಂ ಕೇಳುತ್ತಲೂ ಇರಲಿಲ್ಲ. ಹಾಳೆ ಮುಗಿಯುವುದೇ ತಡ, ಕೈ ತಾನೇ ಮಗುಚುತ್ತಿತ್ತು.

ಹತ್ತೊಂಬತ್ತನೇ ದಿನ ಮೂವತ್ತು ಹಾಳೆ ಮುಗಿದು ಜನ ಎದ್ದರು, ಹನಮಪ್ಪ ಏಳಲಿಲ್ಲ. ತಲೆ ಗೋಡೆಗೆ ಆನಿಸಿ, ಕಣ್ಣು ತೆರೆದುಕೊಂಡೇ ಕೂತಿದ್ದ. ಮುಟ್ಟಿದರೆ ಮೈ ಆಗಲೇ ತಣ್ಣಗಾಗಿತ್ತು. ಎಷ್ಟು ಹೊತ್ತಾಗಿತ್ತೋ, ಯಾವ ಹಾಳೆಗೆ ಉಸಿರು ನಿಂತಿತ್ತೋ, ಯಾರಿಗೂ ಗೊತ್ತಾಗಲಿಲ್ಲ. ಮಡಿವಾಳೆಪ್ಪನಿಗೆ ಮಾತ್ರ ಒಂದು ಗೊತ್ತಾಯಿತು: ಹಿಂದಿನಂತೆ ಹೂಂಗೆ ಕಾದಿದ್ದರೆ ಗೊತ್ತಾಗುತ್ತಿತ್ತು. ತಾನು ಹೆಣಕ್ಕೆ ಪುರಾಣ ಓದಿದ್ದ, ಅದೂ ಸ್ಪೀಕರು ಹಚ್ಚಿ.

ಹನಮಪ್ಪನ ಹೆಂಡತಿ ಸಣ್ಣವ್ವ ಓಡಿಬಂದವಳು ಅಳಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಿಸಿ, ಗಂಡನ ಬಿಗಿದ ಬಲಮುಷ್ಟಿಯನ್ನು ತನ್ನ ಕೈಯಲ್ಲಿ ಹಿಡಿದು, ಒಂದೇ ಮಾತು ಕೇಳಿದಳು.

“ಅಣ್ಣಾರ, ಇವತ್ತಿಂದು ಪೂರಾ ಕೇಳಿದ್ರೇನ್ರಿ ಅವರು?”

“ಪೂರಾ ಕೇಳಿದ ಯವ್ವಾ,” ಎಂದ ಮಡಿವಾಳೆಪ್ಪ. “ಕಡೀ ಹಾಳಿಗೂ ಹೂಂ ಅಂದ.”

ಸಣ್ಣವ್ವ ಅವನ ಮುಖ ನೋಡಿದಳು, ಗಂಡನ ಮುಷ್ಟಿ ನೋಡಿದಳು. “ಆತ್ರಿ,” ಅಂದಳು.

ಅಷ್ಟೇ ಆದದ್ದು. ಸಮಾಧಾನಕ್ಕೆ ಹೇಳಿದ ಸುಳ್ಳು, ಯಾರ ಮನೆಯಲ್ಲಿ ಹೇಳುವುದಿಲ್ಲ? ಆದರೆ ಹೇಳಿದ ಬಾಯಿ ಪುರಾಣದ ಬಾಯಿ, ಹೇಳಿದ ಜಾಗ ಮಠದ ಮೆಟ್ಟಿಲು. ಮಡಿವಾಳೆಪ್ಪ ಒಂದು ವರ್ಷ ಆ ಮಾತನ್ನು ನುಂಗಲಾರದೆ ಉಗುಳಲಾರದೆ ಇಟ್ಟುಕೊಂಡ.

ಈ ಶ್ರಾವಣದ ಮೊದಲ ದಿನ, ಕೊರಳಲ್ಲಿ ಅದೇ ಮೈಕು, ಮೊದಲ ಹಾಳೆ ಓದಿ ಮುಗಿಸಿದ. ಕೈ ಮಗುಚಲು ಹೋಯಿತು. ಬಾಗಿಲಾಚೆಯಿಂದ ಹೂಂ ಬಂತು.

ಅದೇ ದನಿ, ಅದೇ ನಿಧಾನ.

ಮಡಿವಾಳೆಪ್ಪ ಕತ್ತು ಚಾಚಿ ನೋಡಿದ. ಕಂಬ ಅಡ್ಡವಿತ್ತು. ಜನ ಎಂದಿನಂತೆ ಕೂತಿದ್ದರು, ಹೆಣ್ಣುಮಕ್ಕಳ ಸಾಲಿನಲ್ಲಿ ಅವನ ಹೆಂಡತಿ ಗುರವ್ವ ಬತ್ತಿ ಹೊಸೆಯುತ್ತಿದ್ದಳು, ಯಾರೂ ತಲೆ ಎತ್ತಿರಲಿಲ್ಲ. ಎರಡನೇ ಹಾಳೆಗೂ ಹೂಂ, ಮೂರನೆಯದಕ್ಕೂ ಹೂಂ, ಹೀಗೆ ಮೂವತ್ತು. ಜನ ಹೋದ ಮೇಲೆ ಕಾಲೆಳೆದುಕೊಂಡು ಬಾಗಿಲಿಗೆ ಬಂದು ನೋಡಿದ. ಮೆಟ್ಟಿಲು ಖಾಲಿ. ಸಣ್ಣಗೆ ಜಿಟಿಜಿಟಿ ಹನಿಯುತ್ತಿತ್ತು, ಅಂಗಳದ ಎರೆಮಣ್ಣೆಲ್ಲ ಕರ್ರಗೆ ತೊಯ್ದಿತ್ತು. ಮೆಟ್ಟಿಲ ಮೇಲೆ ಒಬ್ಬರು ಕೂಡುವಷ್ಟು ಜಾಗ ಮಾತ್ರ ಒಣಗಿತ್ತು.

ಸೂರು ಅಲ್ಲಿ ಮುಂದೆ ಬಂದಿರಬೇಕು ಎಂದುಕೊಂಡ. ತಲೆ ಎತ್ತಿ ಸೂರು ನೋಡುವ ಧೈರ್ಯ ಮಾಡಲಿಲ್ಲ.

ಮನೆಯಲ್ಲಿ ಗುರವ್ವನಿಗೆ ಹೇಳಿದ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕಿವಿ ಮಂದ ಆಗ್ಯಾವ್ರಿ ನಿಮಗ. ನಾ ಕರದದ್ದು ಕೇಳೂದಿಲ್ಲ, ಇಲ್ಲದ್ದು ಕೇಳತೈತಿ,” ಅಂದಳು. ಹಾಗೇ ಇದ್ದೀತು ಎಂದು ನಾಲ್ಕು ದಿನ ತನ್ನನ್ನು ತಾನೇ ನಂಬಿಸಿಕೊಂಡ. ಐದನೇ ದಿನ ವೈರು ಸುತ್ತುತ್ತಿದ್ದ ನದೀಮ್ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ.

“ಕಾಕಾರ, ಹೊರಗ ಬಾಗಲ ಬಾಜೂಕ ಇನ್ನೊಂದು ಮೈಕ್ ಇಟ್ಟೀರೇನ್ರಿ?”

“ಇಲ್ಲಪಾ. ಯಾಕ?”

“ಅಲ್ರಿ, ನಿಮ್ಮ ದನಿ ಬಂದಾಗ ಪೆಟಿಗಿ ಮ್ಯಾಲಿನ ಹಸರ ದೀಪ ಏಳತಾವು, ನೀವು ಸುಮ್ಮಾದ್ರ ಇಳೀತಾವು. ಅದು ಖರೆ. ಆದ್ರ ನೀವು ಹಾಳಿ ಮಗಚೂ ಮೊದಲ ಮತ್ತ ಒಮ್ಮೆ ಏಳತಾವ್ರಿ. ಸಪ್ಪಳಿಲ್ಲ, ಏನಿಲ್ಲ. ಬರೇ ದೀಪ. ಪ್ರತಿ ಹಾಳಿಗೂ.” ನದೀಮ್ ನಗಲು ನೋಡಿದ, ನಗು ಬರಲಿಲ್ಲ. “ವೈರ್ ಬದಲಿ ಮಾಡಿ ನೋಡಿದ್ನಿರಿ.”

ಅಲ್ಲಿಂದ ಮುಂದೆ ಮಡಿವಾಳೆಪ್ಪ ಹೂಂ ಬರದೆ ಒಂದು ಹಾಳೆಯನ್ನೂ ಮುಟ್ಟಲಿಲ್ಲ. ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಓದುವಾಗ ಬೆನ್ನ ಮೇಲೆ ಇರುವೆ ಹರಿದಂತಾಗುತ್ತಿತ್ತು. ಆದರೆ ಹೆದರಿಕೆಗಿಂತ ನಾಚಿಕೆ ದೊಡ್ಡದು. ಹೋದ ವರ್ಷ ಬದುಕಿದ್ದವನಿಗೆ ಕಾಯದ ತಾನು ಈ ವರ್ಷ ಸತ್ತವನಿಗೆ ಕಾಯುತ್ತಿದ್ದೇನೆ ಎಂದು ಒಳಗೊಳಗೇ ಬೇಯುತ್ತಿದ್ದ. ಹತ್ತೊಂಬತ್ತನೇ ದಿನ ಹತ್ತಿರವಾದಂತೆ ಊಟ ಸೇರದಾಯಿತು. ಆ ದಿನ ಒಂದು ಹಾಳೆಗೆ ಹೂಂ ನಿಲ್ಲುತ್ತದೆ. ಯಾವ ಹಾಳೆಗೆ? ನಿಂತ ಮೇಲೆ ತಾನು ಏನು ಮಾಡಬೇಕು? ಆ ದಿನ ದಾಟಲಾಗದಿದ್ದರೆ ಕಟ್ಟನ್ನು ಕೆಂಪು ಅರಿವೆಯಲ್ಲಿ ಸುತ್ತಿ ಮತ್ತೆಂದೂ ಬಿಚ್ಚಬಾರದು, ಮುತ್ತಜ್ಜನ ಕಾಲದಿಂದ ಬಂದ ಓದು ತನ್ನ ಕೈಯಲ್ಲೇ ಮುಗಿಯಲಿ ಎಂದು ಗಟ್ಟಿಮಾಡಿದ.

ಹದಿನೆಂಟನೇ ದಿನ ಬೆಳಿಗ್ಗೆ ಕೆಳಗೇರಿಗೆ ಹೋದ. ಸಣ್ಣವ್ವ ಅಂಗಳದಲ್ಲಿ ತಾಡಪತ್ರಿ ಹಾಸಿ ಹೆಸರಿನ ಕಾಯಿ ಬಡಿಯುತ್ತಿದ್ದಳು. ಇವನನ್ನು ಕಂಡು ಬಡಿಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಎಪ್ಪತ್ತೊಂದು ವರ್ಷದಲ್ಲಿ ಮಡಿವಾಳೆಪ್ಪ ಆ ಅಂಗಳಕ್ಕೆ ಕಾಲಿಟ್ಟದ್ದು ಎರಡನೇ ಸಲ. ಮೊದಲನೆಯದು ಹೆಣದ ಹಿಂದೆ.

“ಸಣ್ಣವ್ವಾ, ನಾ ನಿನಗ ಒಂದ್ ಸುಳ್ಳ ಹೇಳೀನಿ.”

“ಗೊತ್ತೈತ್ರಿ,” ಅಂದಳು ಸಣ್ಣವ್ವ.

ಒಳಗೆ ಹೋಗಿ, ಗೋಡೆಯ ಮಾಡದಿಂದ ಒಂದು ಅರಿವೆಯ ಗಂಟು ತಂದು ಅವನ ಮುಂದೆ ಬಿಚ್ಚಿದಳು. ಒಳಗಿದ್ದದ್ದು ಬಿಳಿಜೋಳದ ಕಾಳು.

“ಎಣಸ್ರಿ.”

ಹದಿನೇಳಿದ್ದವು.

“ಹಾಳಿಗೊಂದು ಕಾಳ್ರಿ ಅಣ್ಣಾರ. ಹೂಂ ಅಂದಕೂಡ್ಲೆ ಕಿಸೇದಾಗಿಂದ ಒಂದು ಕಾಳ ತಗದು ಮುಟಗ್ಯಾಗ ಹಿಡೀತಿದ್ರು. ದಿನಾ ಮೂವತ್ತು ತಂದು ನನ್ನ ಉಡ್ಯಾಗ ಹಾಕವ್ರು. ‘ಇವು ಪುರಾಣ ಕೇಳಿದ ಕಾಳು, ಹಿಂಗಾರಿ ಬಿತ್ತೂಮುಂದ ಮೊದಲ ಇವನ್ನ ಹಾಕೂಣು’ ಅನ್ನವ್ರು. ನಲವತ್ತು ವರ್ಷ ನಮ್ಮ ಎರಡು ಎಕರೆ ಹೊಲ ಪುರಾಣ ಕೇಳಿದ್ದ ಉಂಡೈತಿ. ಅವತ್ತ ಮೈ ತೊಳಿಯೂಮುಂದ ಮುಟಗಿ ಬಿಚ್ಚಿದ್ವಿ. ಹದಿನೇಳ ಇದ್ವು.”

ಮಡಿವಾಳೆಪ್ಪ ಇನ್ನೊಮ್ಮೆ ಎಣಿಸಿದ. “ವರ್ಷಾತು ಯವ್ವಾ. ಒಂದ್ ಮಾತ ಕೇಳಬಾರದಾ ನೀ ನನಗ?”

“ನೀವು ಓದವ್ರು. ನಿಮ್ಮ ಬಾಯಿಲೆ ಬರಲಿ ಅಂತ ಕುಂತೆ.” ಗಂಟು ಕಟ್ಟಿ ಮಡಿಲಿಗೆ ಹಾಕಿಕೊಂಡಳು. “ನಾಳಿ ನಾನೂ ಬರ್ತೀನ್ರಿ. ಹದಿಮೂರ ಕಾಳ ತಗೊಂಡು.”

ಮನೆಗೆ ಬಂದವನೇ ಮಡಿವಾಳೆಪ್ಪ ಕಟ್ಟು ಬಿಚ್ಚಿ ಮರುದಿನದ ಹದಿನೇಳನೇ ಹಾಳೆ ತೆಗೆದ. ಬಾಯಿಪಾಠ ಬರುತ್ತಿದ್ದ ಭಾಗವೇ. ಆದರೂ ಬೆರಳಿಟ್ಟು ಕೊನೆಯ ಸಾಲಿನವರೆಗೂ ಓದಿದ. ಅದು ಶಿವ ಪಾರ್ವತಿಗೆ ಸಾವಿಲ್ಲದ ಕಥೆ ಹೇಳುವ ಪ್ರಸಂಗ. ಹೇಳುತ್ತ ಹೇಳುತ್ತ ಶಿವ ಕಣ್ಣು ಮುಚ್ಚಿದ್ದಾನೆ, ಹೂಂ, ಹೂಂ ಎಂದು ಕೇಳುತ್ತಿದೆ, ಹೇಳುತ್ತಿದ್ದಾನೆ. ಕಣ್ಣು ತೆರೆದರೆ ಪಾರ್ವತಿ ಯಾವಾಗಲೋ ನಿದ್ದೆ ಹೋಗಿದ್ದಾಳೆ. ಮುತ್ತಜ್ಜನ ದುಂಡಗಿನ ಅಕ್ಷರದಲ್ಲಿ ಹಾಳೆ ಹೀಗೆ ಮುಗಿದಿತ್ತು: ‘ದೇವಿಯು ಮಲಗಿರುವಳು. ಹಾಗಾದರೆ ಇಷ್ಟು ಹೊತ್ತು ಹೂಂ ಎಂದವರು ಯಾರು?’

ನಲವತ್ತು ಸಲ ಓದಿದ್ದ ಸಾಲು. ಒಮ್ಮೆಯೂ ಅದು ತನ್ನನ್ನೇ ಕೇಳುತ್ತಿದೆ ಅನ್ನಿಸಿರಲಿಲ್ಲ.

ಹತ್ತೊಂಬತ್ತನೇ ದಿನ ಮಠಕ್ಕೆ ಬಂದವನೇ ನದೀಮನಿಗೆ, “ಇವತ್ತ ಪೆಟಿಗಿ ಬಂದ್ ಇರಲಿಪಾ,” ಅಂದ. ನದೀಮ್ ವೈರು ಕಿತ್ತ. ಸುಭಾಸ ಮಾತ್ರ ಗೊಣಗಿದ, “ಹಿಂದ ಕುಂತವರಿಗೆ ಹೆಂಗ ಕೇಳಬೇಕಪ್ಪಾ?” “ಕೇಳತೈತಿ. ಕೇಳೂಮಟ ನಾ ಕಾಯ್ತೀನಿ,” ಎಂದ ಮಡಿವಾಳೆಪ್ಪ. ಬಾಗಿಲಲ್ಲಿ ಸಣ್ಣವ್ವ ಬಂದು ನಿಂತಿದ್ದಳು. ಎಲ್ಲರೂ ಕೇಳುವ ಹಾಗೆ, “ಒಳಗ ಬಾ ಯವ್ವಾ,” ಎಂದು ಕರೆದ. ಆ ಹೊಸ್ತಿಲಲ್ಲಿ ಆ ಮಾತು ಮೊದಲ ಸಲ ಕೇಳಿಬಂತು. ಮುಂದಿನ ಸಾಲಿನ ಇಬ್ಬರು ಮುದುಕರು ಒಬ್ಬರ ಮುಖ ಒಬ್ಬರು ನೋಡಿದರು.

“ಇಲ್ರಿ,” ಅಂದಳು ಸಣ್ಣವ್ವ. “ಅವರು ಕುಂತಲ್ಲೇ ಕುಂಡ್ರತೀನಿ.”

ಓದು ಸುರುವಾಯಿತು. ಮೋಡ ಕವಿದು ಸಣ್ಣಗೆ ಹನಿಯುತ್ತಿತ್ತು, ನಡುಹಗಲೇ ಸಂಜೆಯಂತಾಗಿತ್ತು. ಮೊದಲ ಹಾಳೆಗೆ ಹೂಂ ಬಂತು. ಹತ್ತನೆಯದಕ್ಕೂ ಬಂತು. ಹದಿನೇಳನೇ ಹಾಳೆಯ ಕೊನೆಯ ಸಾಲನ್ನು, ‘ಹೂಂ ಎಂದವರು ಯಾರು?’ ಎಂಬುದನ್ನು, ಮಡಿವಾಳೆಪ್ಪ ಹೇಗೋ ಬಾಯಿಂದ ಹೊರಡಿಸಿದ. ಬಾಗಿಲಾಚೆಯಿಂದ ಹೂಂ ಬಂತು, ಉಳಿದೆಲ್ಲಕ್ಕಿಂತ ನಿಧಾನವಾಗಿ. ಹಾಳೆ ಮಗುಚಿದ. ಹದಿನೆಂಟನೆಯದನ್ನು ಓದಿ ಮುಗಿಸಿದ. ಕೈ ನಿಲ್ಲಿಸಿ ಕಾದ.

ಏನೂ ಬರಲಿಲ್ಲ.

ಕಾದ. ಜನ ಕೆಮ್ಮಿದರು. ಯಾರೋ, “ಹೂಂ ಹೂಂ, ಮುಂದ ಓದ್ರಿ,” ಅಂದರು. ಗುರವ್ವ ಬತ್ತಿ ಹೊಸೆಯುವುದನ್ನು ಬಿಟ್ಟು ಗಂಡನ ಮುಖವನ್ನೇ ನೋಡಿದಳು. ಮಡಿವಾಳೆಪ್ಪ ಕನ್ನಡಕ ತೆಗೆದ.

“ಹೋದ ವರ್ಷ ಇದ ಹಾಳಿ,” ಎಂದ. ಮೈಕಿಲ್ಲದ ಅವನ ದನಿ ಸಣ್ಣದಾಗಿತ್ತು, ಹಳೆಯದಾಗಿತ್ತು. “ಹನಮಪ್ಪ ಇಲ್ಲಿಗಿ ನಿಂತಾನ. ನಾ ಕಾಯಲಿಲ್ಲ. ಇದೂ ಹಿಡಿದು ಹದಿಮೂರ ಹಾಳಿ ಸತ್ತವನ ಮುಂದ ಓದೀನಿ. ಆಮ್ಯಾಲ ಅವನ ಹೇಣ್ತಿ ಕೇಳಿದ್ರ, ಪೂರಾ ಕೇಳಿದ ಅಂತ ಇದ ಬಾಯಿಲೆ ಸುಳ್ಳ ಹೇಳೀನಿ.”

ಮಡಿವಾಳೆಪ್ಪ ಕಟ್ಟನ್ನು ಎದೆಗವುಚಿಕೊಂಡು ಕಟ್ಟೆ ಇಳಿದ. ಜನ ಕಾಲು ಮಡಚಿ ದಾರಿ ಬಿಟ್ಟರು. ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ಸಣ್ಣವ್ವನ ಬಾಜೂಕ್ಕೆ ಗೋಡೆಗೆ ಬೆನ್ನು ಕೊಟ್ಟು ಕೂತ. ಒಳಗಿದ್ದವರೆಲ್ಲ ಕಟ್ಟೆಗೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿ ಕೂತರು.

ಅಲ್ಲಿ ಕೂತು ತಲೆ ಎತ್ತಿದಾಗ ಅವನಿಗೆ ಹನಮಪ್ಪನ ನಲವತ್ತು ವರ್ಷ ಕಾಣಿಸಿತು. ದೇವರು ಕಾಣುತ್ತಿರಲಿಲ್ಲ. ಓದುವವನ ಮುಖ ಕಾಣುವಂತಿರಲಿಲ್ಲ. ಕಂಬಕ್ಕೂ ಬಾಗಿಲ ಚೌಕಟ್ಟಿಗೂ ನಡುವೆ ಒಂದು ಗೇಣು ಸಂದಿ. ಆ ಸಂದಿಯಲ್ಲಿ ಕಟ್ಟೆಯ ಬಲಗಡೆಯ ಅಂಚು ಮಾತ್ರ. ಓದುವವನ ಬಲಗೈ ಇರುವ ಜಾಗ. ಹಾಳೆ ಮಗುಚುವ ಕೈ.

ಹನಮಪ್ಪ ನೋಡಿದ್ದು ಇಷ್ಟೇ. ಒಂದು ಕೈ. ತನ್ನ ಹೂಂಗೆ ಕಾಯುವ ಕೈ ಎಂದು ನಂಬಿ ನಲವತ್ತು ಶ್ರಾವಣ ಕೂತ. ಕೊನೆಗೆ ಕಣ್ಣು ತೆರೆದುಕೊಂಡೇ ನೋಡಿದ್ದು, ಅದೇ ಕೈ ಕಾಯದೆ ಮಗುಚಿದ್ದನ್ನು. ಮಡಿವಾಳೆಪ್ಪನಿಗೆ ತಡೆಯಲಾಗಲಿಲ್ಲ. ಕಟ್ಟಿನ ಮೇಲೆ ಬಾಗಿ ಬಿಕ್ಕಿ ಬಿಕ್ಕಿ ಅತ್ತ. ಅವನು ಮೂಗೊರೆಸಿಕೊಂಡು ಕನ್ನಡಕ ಹಾಕಿಕೊಳ್ಳುವ ಹೊತ್ತಿಗೆ ಸಣ್ಣವ್ವ ಗಂಟು ಬಿಚ್ಚಿ, ಹದಿನೇಳು ಒಂದು ಕಡೆ, ಹೊಸ ಹದಿಮೂರು ಒಂದು ಕಡೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಹದಿನೆಂಟನೇ ಹಾಳೆಯನ್ನು ಅವನು ಮತ್ತೆ ಮೊದಲಿನಿಂದ ಓದಿದ. ಶಿವ ಸುತ್ತ ನೋಡುತ್ತಾನೆ, ಯಾರೂ ಇಲ್ಲ. ಮರದ ಪೊಟರೆಯಲ್ಲಿ ಗಿಳಿಯ ಗೂಡು, ಗೂಡಿನಲ್ಲಿ ಒಂದು ಸತ್ತ ತತ್ತಿ. ಕಥೆ ಕೇಳುತ್ತ ಕೇಳುತ್ತ ಆ ಸತ್ತ ತತ್ತಿಯೊಳಗೆ ಜೀವ ಕುಡಿಯೊಡೆದಿದೆ, ಇನ್ನೂ ಒಡೆಯದ ಚಿಪ್ಪಿನೊಳಗಿನಿಂದಲೇ ಅದು ಹೂಂ ಅನ್ನುತ್ತಿದೆ. ‘ಕೇಳಬೇಕೆಂಬುದಕ್ಕೆ ಸಾವಿಲ್ಲ’ ಎಂದು ಮುತ್ತಜ್ಜ ಹಾಳೆ ಮುಗಿಸಿದ್ದ. ನಿಧಾನವಾಗಿ, ಬಾಜೂಕ್ಕೆ ಕೂತ ಒಬ್ಬರಿಗೆ ಹೇಳುವಂತೆ ಓದಿ, ಮಡಿವಾಳೆಪ್ಪ ನಿಲ್ಲಿಸಿದ. ಮಳೆಯೂ ನಿಂತಿತ್ತು. ಸೂರಿನಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು.

ಹೂಂ ಬಂತು.

ಮೆಟ್ಟಿಲಿಂದಲ್ಲ, ಮಠದ ಒಳಗಿನಿಂದ. ಕೂತ ಜನರ ಬೆನ್ನ ಹಿಂದಿನಿಂದ, ಮಡಿವಾಳೆಪ್ಪ ಎದ್ದುಬಂದ ಖಾಲಿ ಕಟ್ಟೆಯ ಮೇಲಿಂದ. ಈ ಸಲ ಎಲ್ಲರಿಗೂ ಕೇಳಿಸಿತು. ಗುರವ್ವನ ಕೈಯ ಬತ್ತಿ ಕೆಳಗೆ ಬಿತ್ತು. ನದೀಮ್ ಕಿತ್ತಿಟ್ಟ ವೈರನ್ನು ನೋಡಿದ. ನೂರು ಜನರಲ್ಲಿ ಒಬ್ಬರೂ ಹಿಂದಿರುಗಿ ನೋಡಲಿಲ್ಲ.

ಮಡಿವಾಳೆಪ್ಪ ಆ ಒಂದು ಗೇಣು ಸಂದಿಯಲ್ಲಿ ಕಣ್ಣು ನೆಟ್ಟ. ಕಟ್ಟೆಯ ಅಂಚು, ಅದರ ಮೇಲಿನ ಜಮಖಾನೆ, ಬೇರೇನೂ ಕಾಣಲಿಲ್ಲ. ಜಮಖಾನೆ ಮಾತ್ರ ಯಾರೋ ಕೂತಂತೆ ತಗ್ಗಾಗಿತ್ತು. ಅವನ ಬೆರಳು ಹಾಳೆಯ ಅಂಚಿನ ಮೇಲೆ ಮರಗಟ್ಟಿ ನಿಂತಿತು.

ಸಣ್ಣವ್ವ ಒಂದು ಕಾಳನ್ನು ಆರಿಸಿ ಆ ಹದಿನೇಳರ ಜೊತೆಗೆ ಇಟ್ಟಳು.

“ಮಗಚ್ರಿ ಅಣ್ಣಾರ,” ಅಂದಳು. “ಅವರು ಕಾಯಾಕತ್ತಾರ. ಇನ್ನಾ ಹನ್ನೆರಡ ಅದಾವು.”

ಮಡಿವಾಳೆಪ್ಪ ಹಾಳೆ ಮಗುಚಿದ.